ಪಾಲು ಹಂಚಿದ ಭಯ

ಮಣಿಕಟ್ಟುಗಳನ್ನು ಜೋಡಿಸಿ ಪಟ್ಟಿ ಕಟ್ಟಿದರೆ ಒಬ್ಬರ ಭಯ ಇನ್ನೊಬ್ಬರ ಮೈಗೆ ಹರಿಯುತ್ತಿದ್ದ ಕಾಲ. ಹೊರಗಿನ ಆಸ್ಪತ್ರೆಗಳಲ್ಲಿ ಅಕ್ಕನೋ ಗಂಡನೋ ಬಂದು ರೋಗಿಯ ಭಯ ಹೊರುತ್ತಿದ್ದರು. ಜೈಲಿನಲ್ಲಿ ನರ್ಸ್ ಫಿಲೋಮಿನಾ ಒಬ್ಬಳೇ. ಆ ಮಧ್ಯಾಹ್ನ ಆಗಲೇ ಹಲವರ ಭಯ ಹೊತ್ತಿದ್ದ ಅವಳಿಗೆ ಇನ್ನೊಬ್ಬರದನ್ನು ಹೊರುವ ಶಕ್ತಿ ಉಳಿದಿರಲಿಲ್ಲ.

ಹೊಸದಾಗಿ ಬಂದಿದ್ದ ಮಮತಾಜ್ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಲೇ ಇದ್ದಳು. ನೋಡಲಾರದೆ ಜೀವಾವಧಿ ಕೈದಿ ರುದ್ರವ್ವ ಅವಳ ಪಕ್ಕ ಕುಳಿತು ಕೈ ಚಾಚಿದಳು.

"ನನಗ ಕಟ್ರಿ, ಸಿಸ್ಟರ್."

"ಕೈದಿಗಳಿಗೆ ಕಟ್ಟೋ ಹಂಗಿಲ್ಲ, ರುದ್ರವ್ವ. ನನ್ನ ನೌಕರಿ ಹೋಗ್ತದ."

"ಈ ಹುಡುಗಿ ಜೀವ ಹೋದ್ರ ನಡೀತದೇನ್ರಿ? ನೀವು ಕಟ್ಟೋತನಕ ನಾ ಏಳಾಂಗಿಲ್ಲ."

ಫಿಲೋಮಿನಾ ನಿಟ್ಟುಸಿರುಬಿಟ್ಟು ಪಟ್ಟಿ ಬಿಗಿದಳು.

ರುದ್ರವ್ವನ ಎದೆ ಡವಗುಟ್ಟಿತು, ಗೋಡೆಗಳೆಲ್ಲ ಮೈಮೇಲೆ ಬಂದಂತಾಯಿತು. ಚೀರಬೇಕೆನಿಸಿದರೂ ಹಲ್ಲು ಕಚ್ಚಿ ಕೂತಳು. ಮೆಲ್ಲಗೆ ಮಮತಾಜಳ ತಲೆ ಅವಳ ಭುಜಕ್ಕೆ ವಾಲಿತು. ಹುಡುಗಿಗೆ ನಿದ್ದೆ ಹತ್ತಿತ್ತು.

"ಸಾಕು, ಬಿಚ್ಚತೀನಿ," ಎಂದಳು ಫಿಲೋಮಿನಾ.

"ಬ್ಯಾಡ್ರಿ. ಮಲಗಲಿ ಪಾಪ."

ಪಾತ್ರೆ ತೊಳೆಯುತ್ತಿದ್ದ ಇನ್ನೊಬ್ಬ ಕೈದಿ ಕಾಶಿಬಾಯಿ ಸೆರಗಿಗೆ ಕೈ ಒರೆಸಿಕೊಂಡು ಬಂದು ರುದ್ರವ್ವನಿಗೆ ಒತ್ತಿಕೊಂಡು ಕುಳಿತಳು.

"ಅರ್ಧ ನನಗ ಕೊಡಕ್ಕಾ."

ಫಿಲೋಮಿನಾ ಇನ್ನೊಂದು ಪಟ್ಟಿ ತಂದಳು. ಅದನ್ನು ಕಟ್ಟಿದೊಡನೆ ಕಾಶಿಬಾಯಿಯ ಮೈ ಒಮ್ಮೆ ಅದುರಿತು. ರುದ್ರವ್ವನಿಗೆ ಉಸಿರಾಡಲು ಜಾಗ ಸಿಕ್ಕಿತು.