ಗೋಡೆಯಾಚೆಯ ಅಭ್ಯರ್ಥಿ

"ಈ ಅಭ್ಯರ್ಥಿಗೆ ಸೀಟಿಲ್ಲ!" ಪ್ರಿನ್ಸಿಪಾಲರು ಮೇಜು ಗುದ್ದಿದರು. "ಮುಂದಿನವರನ್ನ ಕರೀರಿ."

"ಎರಡೇ ಪ್ರಶ್ನೆ ಆಗಿರೋದು ಸಾರ್," ಎಂದಳು ಪಟಾಕಿ. ಆಯ್ಕೆ ಸಮಿತಿಯಲ್ಲಿ ವಿದ್ಯಾರ್ಥಿಗಳ ಪರವಾಗಿ ಕೂತಿದ್ದವಳು ಅವಳೇ. ಬಾಯಿಗೆ ಬೀಗವಿಲ್ಲದ್ದಕ್ಕೆ ಸಿಕ್ಕಿದ ಅಡ್ಡಹೆಸರು ಅದು.

ಆ ಕಾಲೇಜಿನ ಪದ್ಧತಿಯೇ ವಿಚಿತ್ರ. ವಶೀಲಿ ನಡೆಯಬಾರದೆಂದು ಅಭ್ಯರ್ಥಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸುತ್ತಿದ್ದರು. ಹೆಸರಿಲ್ಲ, ಮುಖವಿಲ್ಲ, ದನಿಯೂ ಇಲ್ಲ. ಪಟಾಕಿ ಫೋನಿನಲ್ಲಿ ಪ್ರಶ್ನೆ ಕಳಿಸಬೇಕು, ಬಂದ ಉತ್ತರವನ್ನು ಗಟ್ಟಿಯಾಗಿ ಓದಬೇಕು. ಮೂವರಲ್ಲಿ ಇಬ್ಬರು ಕೈ ಎತ್ತಿದರೆ ಸೀಟು. ಈಗ ಉಳಿದಿದ್ದು ಒಂದೇ, ಹಾಸ್ಟೆಲ್ ಸಮೇತ.

ಮೊದಲ ಉತ್ತರಕ್ಕೇ ಪ್ರಿನ್ಸಿಪಾಲರ ಮುಖ ಕೆಂಪೇರಿತ್ತು. ಮನೆಯಲ್ಲಿ ಒಪ್ಪಿದ್ದಾರಾ ಎಂದರೆ, "ಕೇಳಿಲ್ಲ. ಕೇಳಿ ಕೇಳಿ ಸಾಕಾಗಿದೆ." ಹಾಸ್ಟೆಲ್ ಯಾಕೆ ಎಂದರೆ, "ನಾನು ಪುಸ್ತಕ ಬಿಚ್ಚಿದ ತಕ್ಷಣ ಮನೇಲಿ ಎಲ್ಲರಿಗೂ ನನ್ನ ಹತ್ರಾನೇ ಕೆಲಸ ಬರುತ್ತೆ."

"ಬರೀ ಹಟ! ಹಾಸ್ಟೆಲ್ ಸೇರಿದ್ರೆ ಮನೆಯವರ ಗತಿ?"

"ಅದು ನಮಗ್ಯಾಕೆ ಸಾರ್?"

"ನಿಂಗೊತ್ತಾಗಲ್ಲ, ಸುಮ್ನಿರಮ್ಮ."

ಸುಮ್ಮನಿರುವುದು ಪಟಾಕಿಯ ಜಾಯಮಾನವೇ ಅಲ್ಲ. ಆದರೆ ಇನ್ನೊಂದು ಕೈ ಬೇಕಿತ್ತು. ಸಮಿತಿಯ ಮೂರನೆಯವರು ಇತಿಹಾಸದ ಮೇಷ್ಟ್ರು, ನಿವೃತ್ತಿಯ ಅಂಚಿನಲ್ಲಿದ್ದವರು. ಅವರಿಗೂ ಅವಳಿಗೂ ಹಾವು ಮುಂಗುಸಿ ಸಂಬಂಧ. ಬೇರೆ ದಾರಿಯಿರಲಿಲ್ಲ. ಮೇಜಿನಡಿಯಿಂದಲೇ ಅವರ ಫೋನಿಗೊಂದು ಮುಷ್ಟಿಯ ಚಿತ್ರ ಕಳಿಸಿದಳು.

ಮೇಷ್ಟ್ರು ಕನ್ನಡಕ ಏರಿಸಿದರು. "ಇದೇನಮ್ಮ, ನಂಗೆ ಗುದ್ದು ತೋರಿಸ್ತಿದ್ದೀಯಾ?"

"ಅಯ್ಯೋ ಮೇಷ್ಟ್ರೇ, ಜೊತೆಗೆ ನಿಲ್ಲಿ ಅಂತ!"

"ಹಂಗಂತ ಬಾಯ್ಬಿಟ್ಟು ಹೇಳು. ಎದುರಿಗೇ ಕೂತಿದ್ದೀನಿ, ಅದಕ್ಕೂ ಬೊಂಬೆ ಬೇಕಾ?"

"ಜೊತೆಗೆ ನಿಲ್ಲಿ ಮೇಷ್ಟ್ರೇ," ಎಂದಳು ಪಟಾಕಿ. ಇಷ್ಟು ಮೆಲ್ಲಗೆ ಅವಳು ಯಾವತ್ತೂ ಮಾತಾಡಿರಲಿಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಕೊನೇ ಪ್ರಶ್ನೆ ನಂದು. ಹಾಕು. ಫೇಲಾದ್ರೆ ಏನ್ಮಾಡ್ತೀರಿ?"

ಉತ್ತರ ಬರಲು ತುಸು ಹೊತ್ತು ಹಿಡಿಯಿತು. ಟೈಪ್ ಮಾಡುವ ಕೈ ನಿಧಾನ. ಪಟಾಕಿ ಓದಿದಳು: "ಮತ್ತೆ ಕಟ್ತೀನಿ. ಬೇಡ ಅನ್ನೋಕೆ ನೀವ್ಯಾರು?"

ಮೇಷ್ಟ್ರ ಕೈ ಮೇಲಕ್ಕೆ ಹೋಯಿತು. ಪಟಾಕಿಯ ಕೈ ಆಗಲೇ ಮೇಲಿತ್ತು.

"ಮೇಷ್ಟ್ರೇ, ಇಲ್ಲಿ ಪ್ರಿನ್ಸಿಪಾಲ್ ಯಾರು ಅಂತ ನೆನಪಿದೆಯಾ?"

"ಚೆನ್ನಾಗಿ ನೆನಪಿದೆ ಸಾರ್. ನಿಮ್ಮನ್ನ ಬೆಂಚಿನ ಮೇಲೆ ನಿಲ್ಲಿಸಿದ್ದೂ ನೆನಪಿದೆ. ಕೈ ಇಳಿಸಲ್ಲ."

ಪಟಾಕಿ ಓಡಿಹೋಗಿ ಪಕ್ಕದ ಕೋಣೆಯ ಬಾಗಿಲು ತೆರೆದು, "ಸೀಟು ಸಿಕ್ತು!" ಎಂದು ಕೂಗಿದಳು. ನರೆತ ಜಡೆಯ ಹೆಂಗಸೊಬ್ಬರು ಸೆರಗು ಬಿಗಿದುಕೊಂಡು ಒಳಗೆ ಬಂದವರೇ ನೇರ ಪ್ರಿನ್ಸಿಪಾಲರ ಮುಂದೆ ನಿಂತರು.

"ಮುಖ ಯಾಕೋ ಹಂಗ್ ಮಾಡ್ಕೊಂಡಿದ್ದೀಯ, ಮಗನೇ? ಸೀಟು ಸಿಕ್ಕಿರೋದು ನಿನ್ನ ಹೆತ್ತಮ್ಮನಿಗೆ ಕಣೋ!"