ಗಿಳಿಕೊಕ್ಕಿನ ಹಕ್ಕಿಯ ಕುಟುಂಬ

"ಗಿಳಿಕೊಕ್ಕಿನ ಹಕ್ಕಿ ಯಾವ ಕುಟುಂಬಕ್ಕೆ ಸೇರುತ್ತಮ್ಮ?" ಎಂದು ಪರೀಕ್ಷಕಿ ಸುಮನಾ ಕೇಳಿದಾಗ ಭದ್ರಾವತಿಯ ಹುಮಾ ಪಕ್ಕಕ್ಕೆ ಕಣ್ಣು ಹಾಯಿಸಿದಳು. ಶಿವಮೊಗ್ಗದ ಆ ಮೌಖಿಕ ಪರೀಕ್ಷೆಯ ಕೋಣೆಯಲ್ಲಿ ಅವಳ ಗೈಡ್ ಕೃಷ್ಣಪ್ಪನವರು ಪಕ್ಕದಲ್ಲೇ ಕೂತಿದ್ದರು. ಅದು ಹರಟೆಮಲ್ಲ ಹಕ್ಕಿಗಳ ಕುಟುಂಬದ್ದೆಂದು ಪಠ್ಯಪುಸ್ತಕದಲ್ಲಿ ಬರೆದವರೇ ಅವರು. ಎದುರಾಡಿದವರನ್ನು ಅವರು ಎಂದೂ ಸಹಿಸಿದ್ದಿಲ್ಲ, ಅವಳ ಪಿಎಚ್‌.ಡಿ.ಗೆ ಅವರ ಸಹಿಯೂ ಬೇಕಿತ್ತು.

"ಹೆಸರಲ್ಲಿ ಗಿಳಿ ಇದ್ರೂ ಅದು ಹಾಡುಹಕ್ಕಿ, ಮೇಡಂ. ಹಿಂದೆ ಹರಟೆಮಲ್ಲಗಳ ಜೊತೆ ಸೇರಿಸ್ತಿದ್ರು. ಡಿಎನ್‌ಎ ನೋಡಿದ್ಮೇಲೆ ಈಗ ಅದಕ್ಕೆ ಬೇರೆಯದೇ ಕುಟುಂಬ."

"ನಿಮ್ಮ ಸರ್ ಪುಸ್ತಕದಲ್ಲಿ ಹಾಗಿಲ್ವಲ್ಲ?"

"ಆ ಪುಟ ತಿದ್ಬೇಕು, ಮೇಡಂ." ಹುಮಾ ತಲೆಯೆತ್ತಲಿಲ್ಲ.

ಕೃಷ್ಣಪ್ಪನವರು ಮೇಜಿನ ಮೇಲಿದ್ದ ತಮ್ಮ ಪುಸ್ತಕ ಬಿಡಿಸಿ, ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದರು. ಆಮೇಲೆ ಪೆನ್ನನ್ನು ಅವಳತ್ತ ಚಾಚಿದರು. "ನೀನೇ ಬರಿಯಮ್ಮ."