ಮುಂದಿನ ಹಲ್ಲು

“ಆ ಮುಂದಿನ ಹಲ್ಲೊಂದನ್ನು ಕೀಳಬೇಡಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ.”

“ಕೀಳದಿದ್ರೆ ಕೀವು ದವಡೆಗೆ ಇಳಿಯುತ್ತೆ,” ಎಂದರು ದಂತವೈದ್ಯೆ. “ಊಟಕ್ಕೆ ಉಳಿದ ಹಲ್ಲು ಸಾಕಲ್ಲ?”

“ಊಟಕ್ಕಲ್ಲ ಮೇಡಂ. ಕಾರಿನ ವೈರಿಂಗ್ ನನ್ನ ಹೊಟ್ಟೆಪಾಡು. ವೈರಿನ ಸಿಪ್ಪೆ ಕಚ್ಚಿ ಸುಲಿಯೋದು ಇದರಲ್ಲೇ.”

ವೈದ್ಯೆಗೆ ರೇಗಿತು. “ಹಲ್ಲಲ್ಲಾ? ಅದಕ್ಕೇ ಹೀಗಾಗಿದೆ! ವೈರ್ ಸುಲಿಯೋ ಕಟರ್ ಅಂಗಡೀಲಿ ಸಿಗಲ್ವಾ? ಒಳ್ಳೇದೊಂದು ನೋಡಿ ತಗೊಳ್ಳಿ.”

“ಪೇಟೇಲಿರೋದನ್ನೆಲ್ಲ ಹಿಡಿದು ನೋಡಿದೆ. ಸಣ್ಣದು, ದೊಡ್ಡದು, ವೈರಿನ ದಪ್ಪಕ್ಕೆ ತಾನೇ ಹೊಂದಿಕೊಳ್ಳೋದು... ಯಾವುದೂ ಆಗಲಿಲ್ಲ.”

“ಯಾಕ್ರೀ, ಅದರಲ್ಲೇನು ಕಷ್ಟ?”

“ಒಂದು ಕೈಲಿ ವೈರ್, ಇನ್ನೊಂದು ಕೈಲಿ ಕಟರ್ ಹಿಡೀಬೇಕಲ್ಲ ಮೇಡಂ,” ಎನ್ನುತ್ತ ಅವನು ಪ್ಯಾಂಟಿನ ಜೇಬಿಗೆ ತುರುಕಿದ್ದ ಅಂಗಿಯ ಬಲತೋಳನ್ನು ಎಡಗೈಯಿಂದ ಹೊರಗೆಳೆದ.

ಅದರೊಳಗೆ ಕೈ ಇರಲಿಲ್ಲ.